ಗೋಗಿಯ ನೆಲವೂ ದಲಾಲರ ಪತ್ರಗಳೂ

ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿಗೆ ಸೇರಿದ ಗೋಗಿ ಗ್ರಾಮವು ಇತಿಹಾಸವನ್ನು ಬಲ್ಲವರಿಗೆ ಹೊಸದಲ್ಲ. ವಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫನೂ ಅವನ ತರುವಾಯ ಪಟ್ಟಕ್ಕೆ ಬಂದ ಇಸ್ಮಾಯಿಲ, ಮಲ್ಲೂ, ಇಬ್ರಾಹಿಮರೂ ಅಲ್ಲಿಯ ಚಂದಾ ಹುಸೇನಿ ದರ್ಗೆಯ ಆವರಣದಲ್ಲಿ ಮಣ್ಣುಗೂಡಿದ್ದಾರೆ. ನಾಲ್ವರು ಸುಲ್ತಾನರ ಗೋರಿಗಳನ್ನು ಮಡಿಲಲ್ಲಿಟ್ಟುಕೊಂಡ ಈ ಊರು ಅನೇಕ ಶತಮಾನ ಲೋಕದ ಗದ್ದಲದಿಂದ ದೂರವಿದ್ದಿತು. ಆದರೆ ಈಚಿನ ಕೆಲವು ದಶಕಗಳಿಂದ ಅದರ ಹೆಸರು ಬೇರೊಂದು ಕಾರಣಕ್ಕಾಗಿ ಸರ್ಕಾರೀ ಕಡತಗಳಲ್ಲಿ ಮೇಲಿಂದ ಮೇಲೆ ಬರೆಯಲ್ಪಡುತ್ತಲಿದೆ. ಭೀಮಾ ಪ್ರಾಂತದ ಸುಣ್ಣಗಲ್ಲಿನಲ್ಲಿಯೂ ಅದರ ಅಡಿಯ ಕರಿಕಲ್ಲಿನಲ್ಲಿಯೂ ಅಲ್ಲಿ ಯುರೇನಿಯಂ ಇರುವದೆಂದು ಅಣುಖನಿಜ ಶೋಧಕರು ಕಂಡುಹಿಡಿದರು; ಪ್ರಾಯೋಗಿಕವಾಗಿ ನೆಲವನ್ನೂ ತೋಡಲಾಯಿತು; ನೀರಿನ ವಿಷಯದಲ್ಲಿಯೂ ಆರೋಗ್ಯದ ವಿಷಯದಲ್ಲಿಯೂ ಊರವರು ತಮ್ಮ ಆತಂಕವನ್ನು ಬಹಿರಂಗವಾಗಿ ಹೇಳಿಕೊಂಡರು.

ಗಣಿ ಬೇಕೋ ಬೇಡವೋ ಎಂಬ ವಾದವನ್ನು ಹೂಡುವದು ಇಂದಿನ ನಮ್ಮ ಉದ್ದೇಶವಲ್ಲ. ಅದಕ್ಕೆ ಭೂಶಾಸ್ತ್ರವನ್ನೂ ವೈದ್ಯವನ್ನೂ ಬಲ್ಲವರು ಇದ್ದಾರೆ. ನಮ್ಮ ಪ್ರಶ್ನೆ ಇನ್ನೂ ಮೊದಲಿನದು. ಒಂದು ಸೀಮೆಯ ನೆಲದಡಿಯ ಸಂಪತ್ತಿಗೆ ದೂರದ ಪಟ್ಟಣಗಳಲ್ಲಿ ಬೆಲೆ ಕಟ್ಟುವಾಗ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಪತ್ರಗಳು ಓಡಾಡುವವು. ಆ ಪತ್ರಗಳನ್ನು ಆ ಸೀಮೆಯ ಮಕ್ಕಳು ಯಾವ ಕಾಲಕ್ಕಾದರೂ ಓದಿದ್ದಾರೆಯೇ? ಓದಬಲ್ಲರೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಬೇಕಾದರೆ ನೂರು ವರ್ಷಗಳಾಚೆಯ ಶೇರು ದಲಾಲರ ದಫ್ತರವನ್ನು ಬಿಚ್ಚಿ ನೋಡಬೇಕಾಗುವದು. ಹಳೆಯ ವ್ಯಾಪಾರದ ಕಾಗದಗಳೆಂದರೆ ರದ್ದಿ ಎಂದು ತಿಳಿಯುವ ನಮ್ಮ ವಾಚಕರಲ್ಲಿ ಕೆಲವರಾದರೂ ಇದನ್ನು ಓದಿದ ಮೇಲೆ ತಮ್ಮ ಅಟ್ಟದ ಮೇಲಿನ ಗಂಟುಗಳನ್ನು ತೂಕದ ಅಂಗಡಿಗೆ ಹಾಕುವ ಮುನ್ನ ಒಂದು ಗಳಿಗೆ ತಡೆದಾರು ಎಂದು ನಾವು ನಂಬಿದ್ದೇವೆ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುಂಬಯಿ, ಮದ್ರಾಸ, ಲಂಡನ್ ಪಟ್ಟಣಗಳ ದಲಾಲಿ ಮಳಿಗೆಗಳು ಹೇಗೆ ನಡೆಯುತ್ತಿದ್ದವೆಂಬುದನ್ನು ಇಂದಿನ ತರುಣರು ಊಹಿಸಲಾರರು. ಗುಮಾಸ್ತನು ನಕಲು ಮಾಡುವ ಮಸಿಯಿಂದ ಪತ್ರವನ್ನು ಬರೆದು, ತೇವ ಮಾಡಿದ ತೆಳ್ಳನೆಯ ಹಾಳೆಯ ಪುಸ್ತಕದಲ್ಲಿಟ್ಟು, ಕಬ್ಬಿಣದ ಒತ್ತುಯಂತ್ರದ ತಿರುಪನ್ನು ಬಿಗಿಯುವನು. ಮೂಲಪತ್ರವು ಅಂಚೆಗೆ ಹೋಗುವದು. ಅದರ ಅಚ್ಚು ಪುಸ್ತಕದಲ್ಲಿ ಉಳಿಯುವದು. ಹೀಗಾಗಿ ಮಳಿಗೆಯಿಂದ ಹೊರಗೆ ಹೋದ ಪ್ರತಿಯೊಂದು ಮಾತಿಗೂ ಒಳಗೊಂದು ಸಾಕ್ಷಿ ಇರುತ್ತಿದ್ದಿತು. ಸಮುದ್ರದಡಿಯ ತಂತಿಯು ೧೮೭೦ರಲ್ಲಿ ಮುಂಬಯಿಯನ್ನು ಮುಟ್ಟಿದ ತರುವಾಯ ಅವಸರದ ಸಮಾಚಾರವು ತಂತಿಯಲ್ಲಿ ಹೋಗತೊಡಗಿತು. ತಂತಿಗೆ ಮಾತಿನ ಲೆಕ್ಕದಲ್ಲಿ ಹಣ. ಆದುದರಿಂದ ವ್ಯಾಪಾರಿಗಳು ಸಂಕೇತಕೋಶಗಳನ್ನು ಇಟ್ಟುಕೊಂಡರು. ೧೯೦೬ರಲ್ಲಿ ಹೊರಬಂದ ಬೆಂಟ್ಲಿಯ ಕೋಶದಲ್ಲಿ ಐದಕ್ಷರದ ಒಂದೊಂದು ಅರ್ಥವಿಲ್ಲದ ಪದಕ್ಕೆ ಒಂದೊಂದು ಪೂರ್ಣ ವಾಕ್ಯವನ್ನು ಗೊತ್ತು ಮಾಡಿದ್ದರು. ಅಂಥ ಎರಡನ್ನು ಕೂಡಿಸಿ ಹತ್ತಕ್ಷರದ ಒಂದೇ ಮಾತನ್ನಾಗಿ ಕಳಿಸಿದರೆ ಒಂದರ ಹಣಕ್ಕೆ ಎರಡು ವಾಕ್ಯಗಳು ಸಾಗುತ್ತಿದ್ದವು. ತಂತಿಯ ಹಿಂದೆಯೇ ಅದನ್ನು ಬಿಡಿಸಿ ದೃಢಪಡಿಸುವ ಪತ್ರ, ಕೊಂಡ ಇಲ್ಲವೆ ಮಾರಿದ ಶೇರುಗಳ ಕರಾರುಚೀಟಿ, ವರ್ಗಾವಣೆಯ ಪತ್ರ, ದಲಾಲಿಯನ್ನು ಕಳೆದು ತೋರಿಸಿದ ಲೆಕ್ಕ, ಇವು ಒಂದರ ಮೇಲೊಂದು ಬರುವವು. ಗಿರಾಕಿಗಳಿಗೆಲ್ಲ ಕಳಿಸುವ ಅಚ್ಚಿನ ಸುತ್ತೋಲೆ ಒಂದು ಬಗೆಯ ಮಾತನ್ನಾಡುವದು. ಪಾಲುದಾರನು ಪಾಲುದಾರನಿಗೆ ಕೈಯಾರೆ ಬರೆದ ಪತ್ರವು ಬೇರೊಂದು ಬಗೆಯ ಮಾತನ್ನಾಡುವದು. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದವನಿಗೆ ಮಾತ್ರ ವ್ಯವಹಾರದ ನಿಜರೂಪವು ತಿಳಿಯುವದು.

ಇದಕ್ಕೆ ನಮ್ಮ ಸೀಮೆಯದೇ ಒಂದು ದೃಷ್ಟಾಂತವಿದೆ. ಗೋಗಿಯು ಆಗ ನಿಜಾಮರ ರಾಜ್ಯದ ಕಲಬುರ್ಗಿ ಪ್ರಾಂತದಲ್ಲಿದ್ದಿತು. ೧೮೮೬ನೆಯ ಜನವರಿಯಲ್ಲಿ ನಿಜಾಮ ಸರ್ಕಾರವು ತನ್ನ ಸೀಮೆಯ ಖನಿಜಗಳನ್ನು ಶೋಧಿಸಿ ತೆಗೆಯುವ ಹಕ್ಕನ್ನು ವಾಟ್ಸನ್, ಸ್ಟುವರ್ಟ್ ಎಂಬಿಬ್ಬರು ಆಂಗ್ಲರಿಗೆ ದಯಪಾಲಿಸಿತು. ಅದೇ ವರ್ಷ ಲಂಡನ್ನಿನಲ್ಲಿ ಹೈದರಾಬಾದ ಡೆಕ್ಕನ್ ಕಂಪನಿಯು ಹುಟ್ಟಿಕೊಂಡಿತು. ಬಂಡವಾಳವು ಹತ್ತು ಲಕ್ಷ ಪೌಂಡು. ಹತ್ತು ಪೌಂಡಿನ ಒಂದು ಲಕ್ಷ ಶೇರುಗಳು. ಕೇಳುವದಕ್ಕೆ ಭವ್ಯವಾಗಿದೆ. ಆದರೆ ಆ ಒಂದು ಲಕ್ಷದಲ್ಲಿ ೮೫,೦೦೦ ಶೇರುಗಳು ಹಣವನ್ನು ತಂದವರಿಗೆ ಹೋಗಲಿಲ್ಲ. ಹಕ್ಕುಪತ್ರವನ್ನು ತಂದವರಿಗೆ ಅದರ ಬೆಲೆಯಾಗಿ ಹೋದವು. ನೆಲವನ್ನು ತೋಡುವದಕ್ಕೆ ಉಳಿದ ಅಂಶವೆಷ್ಟೆಂಬುದನ್ನು ವಾಚಕರೇ ಲೆಕ್ಕ ಹಾಕಲಿ. ಗುದ್ದಲಿಯು ಇನ್ನೂ ಮಣ್ಣಿಗೆ ತಗಲುವ ಮುನ್ನವೇ ಮಣ್ಣಿನ ಬೆಲೆಯು ಲಂಡನ್ನಿನ ಬೀದಿಯಲ್ಲಿ ಏರಿಳಿಯತೊಡಗಿತು.

ಇನ್ನೂ ಕೌತುಕದ ಸಂಗತಿಯು ಮುಂದಿದೆ. ಈ ವ್ಯವಹಾರದಲ್ಲಿ ನಿಜಾಮ ಸರ್ಕಾರದ ಪರವಾಗಿ ನಿಂತವರು ಸರದಾರ ಅಬ್ದುಲ್ ಹಕ್ ಎಂಬ ಉಚ್ಚ ಅಧಿಕಾರಿಗಳು. ಹಕ್ಕನ್ನು ಪಡೆದವರೊಡನೆ ಅವರಿಗೆ ಗುಪ್ತವಾದ ಪಾಲುಗಾರಿಕೆ ಇದ್ದಿತು. ನಿಜಾಮ ಸರ್ಕಾರವು ಈ ಕಂಪನಿಯ ಶೇರುಗಳನ್ನು ಕೊಳ್ಳುವದೆಂದು ಗೊತ್ತಾದಾಗ, ಪೇಟೆಯಲ್ಲಿ ಕೊಂಡಂತೆ ತೋರಿಸಿ, ಮುಖಬೆಲೆಗಿಂತ ಹೆಚ್ಚಿನ ದರದಿಂದ ತಮ್ಮ ಪಾಲಿನ ಶೇರುಗಳನ್ನೇ ಅವರು ಸರ್ಕಾರಕ್ಕೆ ದಾಟಿಸಿದರು. ಕೊಳ್ಳುವವನ ಮುನೀಮನೇ ಮಾರುವವನಾದನು! ಇದು ಬಯಲಿಗೆ ಬಂದು ಬ್ರಿಟಿಷ್ ಪಾರ್ಲಿಮೆಂಟಿನ ಸಾಮಾನ್ಯ ಸಭೆಯು ೧೮೮೮ರಲ್ಲಿ ವಿಶೇಷ ಸಮಿತಿಯೊಂದನ್ನು ಕೂಡ್ರಿಸಿ ವಿಚಾರಣೆಯನ್ನು ನಡೆಯಿಸಿತು. ಅಬ್ದುಲ್ ಹಕ್ಕರು ಪದವಿಯನ್ನು ಕಳೆದುಕೊಂಡರು. ಆ ಸಮಿತಿಯು ಸತ್ಯವನ್ನು ಕಂಡುಹಿಡಿದುದು ಕಂಪನಿಯ ಅಚ್ಚಿನ ಪ್ರಕಟಣೆಯಿಂದಲ್ಲ. ಅದರಲ್ಲಿ ಎಲ್ಲವೂ ಸರಿಯಾಗಿಯೇ ಇದ್ದಿತು. ಸತ್ಯವು ಹೊರಬಿದ್ದುದು ಕರಾರುಗಳು, ಪತ್ರಗಳು, ಲೆಕ್ಕಗಳು ಇವುಗಳ ಒಳಗಿನಿಂದ.

ಈ ಪತ್ರಗಳೆಲ್ಲ ಯಾವ ಭಾಷೆಯಲ್ಲಿದ್ದವು? ಲಂಡನ್ನಿನವು ಇಂಗ್ಲಿಷಿನಲ್ಲಿದ್ದವು. ಹೈದರಾಬಾದದ ದಫ್ತರದ ಭಾಷೆ ಅದುವರೆಗೆ ಫಾರಸಿ ಇದ್ದುದು ೧೮೮೪ರ ಸುಮಾರಿಗೆ ಉರ್ದು ಆಗಿದ್ದಿತು. ಗೋಗಿಯ, ಶಹಾಪುರದ, ಸುರಪುರದ, ಲಿಂಗಸೂಗೂರಿನ ರೈತನ ಬಾಯಲ್ಲಿದ್ದ ಭಾಷೆಯಲ್ಲಿ ಒಂದು ಸಾಲು ಬರೆಯಬೇಕೆಂದು ಯಾರಿಗೂ ತೋರಲಿಲ್ಲ. ಮುಂಬಯಿಯಿಂದ ಹೊರಟ ರೈಲು ಯಾದಗಿರಿಯ ಮೇಲಿಂದ ಹಾದು ೧೮೭೧ರಲ್ಲಿಯೇ ರಾಯಚೂರಿನಲ್ಲಿ ಮದ್ರಾಸ ರೈಲನ್ನು ಕೂಡಿಕೊಂಡಿತ್ತು. ನಮ್ಮ ಸೀಮೆಯ ಬೆಲೆಯನ್ನು ಗೊತ್ತುಮಾಡುವ ಪತ್ರಗಳು ಆ ಗಾಡಿಯ ಅಂಚೆಚೀಲಗಳಲ್ಲಿ ನಮ್ಮ ಹೊಲಗಳ ನಡುವಿನಿಂದಲೇ ಓಡಾಡಿದವು. ಹತ್ತಿಯನ್ನು ಬಿಡಿಸುತ್ತಿದ್ದವರು ತಲೆಯೆತ್ತಿ ಗಾಡಿಯನ್ನು ನೋಡಿರಬಹುದು; ಚೀಲದೊಳಗಿನದನ್ನು ಬಲ್ಲವರಲ್ಲ.

ಅದೇ ಕಂಪನಿಯು ತೆಲಂಗಾಣದ ಸಿಂಗರೇಣಿಯಲ್ಲಿ ಕಲ್ಲಿದ್ದಲನ್ನು ತೆಗೆಯಿತು. ಕೃಷ್ಣೆಯ ಆಚೆಯ ಹಟ್ಟಿಯಲ್ಲಿ, ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಪೂರ್ವಿಕರೇ ತೋಡಿಬಿಟ್ಟಿದ್ದ ಗಣಿಗಳ ಹತ್ತಿರ, ೧೯೦೨ರ ಸುಮಾರಿಗೆ ಚಿನ್ನದ ಕೆಲಸವು ನಡೆಯಿತು; ೧೯೨೦ರಲ್ಲಿ ನಿಂತುಹೋಯಿತು. ಇತ್ತ ಗದಗಿನ ಕಪ್ಪತಗುಡ್ಡದ ಸುತ್ತಲೂ ಅದೇ ವರ್ಷಗಳಲ್ಲಿ ಚಿನ್ನದ ಕಂಪನಿಗಳು ತಲೆಯೆತ್ತಿ ಹತ್ತು ವರ್ಷ ತುಂಬುವದರೊಳಗೆ ಬಾಗಿಲಿಕ್ಕಿದವು. ಕೋಲಾರದ ದೈವವು ಮಾತ್ರ ಬೇರೆಯಾಗಿದ್ದಿತು. ೧೮೮೦ರಲ್ಲಿ ಹುಟ್ಟಿದ ಮೈಸೂರು ಚಿನ್ನದ ಕಂಪನಿಯ ಶೇರುಗಳು ಕೆಲವೇ ವರ್ಷಗಳಲ್ಲಿ ಕಾಸಿಗೂ ಬೇಡವಾಗಿ, ಉಳಿದ ಹಣವನ್ನು ಹಂಚಿಕೊಂಡು ಹೋಗೋಣವೆಂದು ಪಾಲುಗಾರರು ನೆನೆಯುತ್ತಿರುವಷ್ಟರಲ್ಲಿ ದೊಡ್ಡ ಪದರವೊಂದು ಸಿಕ್ಕಿತು. ಆ ಒಂದು ಗೆಲುವಿನ ಹೆಸರನ್ನು ಹೇಳಿ ದಲಾಲರು ಎಷ್ಟು ಬರಿದಾದ ಹೊಂಡಗಳ ಶೇರುಗಳನ್ನು ಮಾರಿದರೆಂಬುದಕ್ಕೆ ಲೆಕ್ಕವಿಲ್ಲ. ಕೋಲಾರದ ಗಣಿಗಳು ೨೦೦೧ರ ಫೆಬ್ರುವರಿ ೨೮ರಂದು ಮುಚ್ಚಿದವು; ೧೯೪೭ರಲ್ಲಿ ಮತ್ತೆ ಕೈಹಾಕಿದ ಹಟ್ಟಿಯಿಂದ ಇಂದಿಗೂ ಚಿನ್ನ ಬರುತ್ತಿದೆ. ೧೯೨೦ರಲ್ಲಿ ಅದನ್ನು ಏಕೆ ಮುಚ್ಚಿದರು, ಒಳಗೆ ಏನು ಉಳಿದಿದ್ದಿತು, ಯಾರು ಯಾರಿಗೆ ಏನೆಂದು ಬರೆದರು, ಇದನ್ನು ಕನ್ನಡದಲ್ಲಿ ಓದಬಯಸುವ ರಾಯಚೂರಿನ ವಿದ್ಯಾರ್ಥಿಯ ಕೈಗೆ ನಾವು ಯಾವ ಪುಸ್ತಕವನ್ನು ಕೊಡಬೇಕು?

ಪರದೇಶದ ದಲಾಲನು ಮೋಸಗಾರ, ಸ್ವದೇಶದ ಸಾವುಕಾರನು ಸತ್ಯಹರಿಶ್ಚಂದ್ರ ಎಂದು ನಾವು ಹೇಳುತ್ತಿಲ್ಲ. ಅಂಥ ಮಾತು ಸಭೆಯಲ್ಲಿ ಚಪ್ಪಾಳೆಯನ್ನು ತಂದೀತು, ಲೆಕ್ಕದಲ್ಲಿ ನಿಲ್ಲಲಾರದು. ಆದರೂ ಒಂದು ಭೇದವನ್ನು ಗಮನಿಸತಕ್ಕದ್ದು. ಹುಂಡಿಯು ನಮ್ಮವರ ಪತ್ರವ್ಯವಹಾರ. ಅದರಲ್ಲಿ ಮೊಬಲಗನ್ನು ಬರೆದು, ಅದರ ಅರ್ಧವಿಷ್ಟು, ಆ ಅರ್ಧದ ದುಪ್ಪಟ್ಟು ಇಷ್ಟು ಎಂದು ಮತ್ತೊಮ್ಮೆ ಬಿಡಿಸಿ ಬರೆಯುತ್ತಿದ್ದರು; ಒಂದು ಅಂಕಿಯನ್ನು ತಿದ್ದಿದವನು ಇನ್ನೊಂದರಲ್ಲಿ ಸಿಕ್ಕಿಬೀಳಬೇಕು. ಹುಂಡಿ ಕಳೆದರೆ ಪೇಟ, ಪೇಟವೂ ಕಳೆದರೆ ಪರಪೇಟ. ನಿಜಾಮರ ಹಾಲಿ ಸಿಕ್ಕಾಕ್ಕೂ ಆಂಗ್ಲ ಸರ್ಕಾರದ ಕಲ್ದಾರ ರೂಪಾಯಿಗೂ ಇದ್ದ ಅಂತರವನ್ನು, ಎಂದರೆ ನೂರು ಕಲ್ದಾರಿಗೆ ೧೧೬ ರೂಪಾಯಿ ೧೦ ಆಣೆ ೮ ಪೈ ಹಾಲಿ ಎಂಬ ಲೆಕ್ಕವನ್ನು, ಯಾದಗಿರಿಯ ಅಡತಿ ಅಂಗಡಿಯ ಗುಮಾಸ್ತರು ಬೆರಳ ತುದಿಯಲ್ಲಿಟ್ಟುಕೊಂಡಿದ್ದರು. ಬುದ್ಧಿಗೂ ಲೆಕ್ಕಕ್ಕೂ ನಮ್ಮಲ್ಲಿ ಬರವಿರಲಿಲ್ಲ. ಹತ್ತಿಯ ಬೆಲೆಯನ್ನು ಮುಂಬಯಿಯ ತಂತಿಯಿಂದ ತಿಳಿಯಬಲ್ಲ ಆ ಜನರಿಗೆ ತಮ್ಮ ನೆಲದಡಿಯ ಕಲ್ಲಿನ ಬೆಲೆಯನ್ನು ತಿಳಿಸುವ ಪತ್ರವೊಂದು ಬರಲಿಲ್ಲ, ಅಷ್ಟೇ.

ಇನ್ನು ಹಣವಂತರ ಮನೆಗೇ ಬೆಂಕಿ ಬಿದ್ದ ಪ್ರಸಂಗವನ್ನು ನೋಡೋಣ. ಮದ್ರಾಸದ ಆರ್ಬತ್ನಾಟ್ ಕಂಪನಿಯು ಗೌರವಕ್ಕೆ ಗಾದೆಯಂತಿದ್ದ ಮಳಿಗೆ. ನ್ಯಾಯಾಧೀಶರು, ಪಿಂಚಣಿದಾರರು, ವಿಧವೆಯರು, ಜಮೀನುದಾರರು ತಮ್ಮ ಜೀವಮಾನದ ಗಳಿಕೆಯನ್ನು ಅಲ್ಲಿಟ್ಟಿದ್ದರು. ೧೯೦೬ನೆಯ ಅಕ್ಟೋಬರ ೨೨ರಂದು ಅದು ಬಾಗಿಲಿಕ್ಕಿತು. ಅದಕ್ಕೆ ಎರಡು ದಿನ ಮೊದಲು ಲಂಡನ್ನಿನ ಪಾಲುದಾರನಾದ ಮ್ಯಾಕ್‌ಫೇಡಿಯನ್ ರೈಲಿನ ಕೆಳಗೆ ಬಿದ್ದು ಪ್ರಾಣವನ್ನು ಕಳೆದುಕೊಂಡಿದ್ದನು. ಮದ್ರಾಸದಲ್ಲಿ ಠೇವಣಿಯಾಗಿ ಬಂದ ಹಣವು ಲಂಡನ್ನಿನ ಮೂಲಕ ಸಟ್ಟೆಯ ಹೊಂಡಗಳಿಗೆ ಹರಿದಿದ್ದಿತು. ಮುಖ್ಯಸ್ಥನಾದ ಸರ್ ಜಾರ್ಜ್ ಆರ್ಬತ್ನಾಟನಿಗೆ ಹದಿನೆಂಟು ತಿಂಗಳ ಕಠಿಣ ಶಿಕ್ಷೆಯಾಯಿತು. ಠೇವಣಿದಾರನಿಗೆ ವರ್ಷ ವರ್ಷವೂ ಬಡ್ಡಿಯ ಲೆಕ್ಕವು ನಯವಾದ ಪತ್ರದೊಡನೆ ತಪ್ಪದೆ ಬರುತ್ತಿದ್ದಿತು. ಎರಡು ಪಟ್ಟಣಗಳ ಪಾಲುದಾರರ ನಡುವೆ ಓಡಾಡಿದ ಪತ್ರಗಳಲ್ಲಿದ್ದ ಸಂಗತಿಯು ಮಳಿಗೆ ಮುರಿದುಬಿದ್ದ ಮೇಲೆಯೇ ಅವನ ಕಿವಿಗೆ ಬಿದ್ದಿತು.

ಆ ಕುಸಿತದಿಂದ ಕಣ್ದೆರೆದ ಮದ್ರಾಸಿನ ನಾಗರಿಕರು ಮರುವರ್ಷ ಇಂಡಿಯನ್ ಬ್ಯಾಂಕನ್ನು ಕಟ್ಟಿದರು. ಕುಸಿತವನ್ನು ಕಾಣುವ ಮೊದಲೇ, ಅದೇ ೧೯೦೬ರಲ್ಲಿ, ನಮ್ಮ ಕರಾವಳಿಯ ಇಬ್ಬರು ಮಹನೀಯರು ಊರಿನ ಹಣವನ್ನು ಊರವರ ಕಣ್ಣೆದುರಿಗೇ ಇಡುವ ಏರ್ಪಾಡನ್ನು ಮಾಡಿದ್ದರು. ಉಡುಪಿಯಲ್ಲಿ ಮಾರ್ಚಿ ತಿಂಗಳಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು, ಮಂಗಳೂರಿನಲ್ಲಿ ಜುಲೈ ೧ರಂದು ಅಮ್ಮೆಂಬಳ ಸುಬ್ಬರಾವ್ ಪೈಗಳು. ಒಂದು ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು, ಇನ್ನೊಂದು ಕೆನರಾ ಬ್ಯಾಂಕಾಯಿತು. ಠೇವಣಿದಾರನು ಬೀದಿಯನ್ನು ದಾಟಿ ಹೋಗಿ ಪ್ರಶ್ನೆ ಕೇಳಬಹುದಾದ ಸಂಸ್ಥೆಗಳು ಇವು. ನಿಜಾಮರ ಸೀಮೆಯ ಕನ್ನಡಿಗನಿಗೆ ಆ ಭಾಗ್ಯವು ಬಹಳ ತಡವಾಗಿ ಬಂದಿತು.

ಕಾಯಿದೆಯು ಕಣ್ಣು ಮುಚ್ಚಿಕೊಂಡಿರಲಿಲ್ಲವೆಂಬುದನ್ನೂ ಹೇಳಬೇಕು. ೧೮೭೨ರ ಕರಾರು ಕಾಯಿದೆಯ ೨೧೫ನೆಯ ಕಲಮು ಆಗಲೇ ಬ್ರಿಟಿಷ್ ಹಿಂದುಸ್ಥಾನದಲ್ಲಿ ಜಾರಿಯಲ್ಲಿದ್ದಿತು. ಯಜಮಾನನಿಗೆ ಎಲ್ಲ ಮುಖ್ಯ ಸಂಗತಿಗಳನ್ನೂ ತಿಳಿಸಿ ಒಪ್ಪಿಗೆಯನ್ನು ಪಡೆಯದೆ ಏಜಂಟನು ತನ್ನ ಸ್ವಂತಕ್ಕಾಗಿ ವ್ಯವಹರಿಸಿ, ಏನನ್ನಾದರೂ ಅಪ್ರಾಮಾಣಿಕವಾಗಿ ಮುಚ್ಚಿಟ್ಟಿದ್ದರೆ ಇಲ್ಲವೆ ಅದರಿಂದ ಯಜಮಾನನಿಗೆ ನಷ್ಟವಾಗಿದ್ದರೆ, ಯಜಮಾನನು ಆ ವ್ಯವಹಾರವನ್ನು ತಳ್ಳಿಹಾಕಬಹುದು. ಸ್ವತಂತ್ರ ಭಾರತದ ೧೯೫೬ರ ಶೇರು ಕರಾರುಗಳ ಕಾಯಿದೆಯೂ ದಲಾಲನು ಗಿರಾಕಿಯ ಒಪ್ಪಿಗೆಯಿಲ್ಲದೆ ತಾನೇ ಎದುರು ಪಕ್ಷವಾಗಕೂಡದೆಂದು ವಿಧಿಸಿತು. ೧೯೯೨ರಲ್ಲಿ ಸೆಬಿ ಎಂಬ ನಿಯಾಮಕ ಮಂಡಳಿಗೆ ಶಾಸನದ ಅಧಿಕಾರವು ದೊರೆಯಿತು. ಇದೆಲ್ಲ ಒಳ್ಳೆಯದೇ. ಆದರೆ ದಲಾಲನು ತನ್ನ ಲೆಕ್ಕಪತ್ರಗಳನ್ನು ಕಾಯ್ದಿಡಬೇಕಾದ ಅವಧಿಯು ಕೆಲವೇ ವರ್ಷ. ಕಂಪನಿಯು ಲೆಕ್ಕದ ಪುಸ್ತಕಗಳನ್ನು ಕಾಯ್ದಿಡಬೇಕಾದ ಅವಧಿಯು ಎಂಟು ವರ್ಷ. ಆ ತರುವಾಯ ಸುಟ್ಟರೂ ಕೇಳುವವರಿಲ್ಲ. ತೆರಿಗೆಯ ಅಧಿಕಾರಿಗೆ ಎಂಟು ವರ್ಷ ಸಾಕು. ಒಂದು ನಾಡಿನ ನೆನಪಿಗೂ ಅಷ್ಟೇ ಸಾಕೆಂದು ಯಾರು ಗೊತ್ತುಮಾಡಿದರು?

ಈ ಕಾರಣದಿಂದಲೇ ನಮ್ಮ ಆರ್ಥಿಕ ಇತಿಹಾಸವನ್ನು ಬರೆಯಹೊರಟವನಿಗೆ ಕಂಪನಿಗಳ ಹೊಗಳಿಕೆಯ ಪ್ರಕಟಣೆಗಳು ಸಿಗುತ್ತವೆ, ಪತ್ರಗಳು ಸಿಗುವದಿಲ್ಲ. ಸಿಕ್ಕರೂ ನಿಜಾಮ ಸರ್ಕಾರದ ಕಡತಗಳು ಹೈದರಾಬಾದದಲ್ಲಿವೆ, ೧೮೮೮ರ ಸಮಿತಿಯ ಕಾಗದಗಳು ಲಂಡನ್ನಿನಲ್ಲಿವೆ. ಶಹಾಪುರದ ಮಾಸ್ತರನೊಬ್ಬನು ತನ್ನ ತಾಲೂಕಿನ ಕಥೆಯನ್ನು ತಿಳಿಯಬೇಕಾದರೆ ಉರ್ದುವನ್ನು ಕಲಿತು ಒಂದು ಪಟ್ಟಣಕ್ಕೂ ಇಂಗ್ಲಿಷನ್ನು ಕಲಿತು ಇನ್ನೊಂದು ಪಟ್ಟಣಕ್ಕೂ ಹೋಗತಕ್ಕದ್ದು. ಕನ್ನಡ ಪತ್ರಿಕೆಗಳೂ ಈ ದೋಷದಿಂದ ಪಾರಾದವಲ್ಲ. ಶೇರು ಮಾರುವವರ ಜಾಹೀರಾತಿಗೆ ನಾವು ಜಾಗವನ್ನು ಕೊಟ್ಟಷ್ಟು ಅವರ ವಾರ್ಷಿಕ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ಹೇಳುವದಕ್ಕೆ ಕೊಟ್ಟಿಲ್ಲ.

ಈಗ ಗೋಗಿಗೆ ಮರಳೋಣ. ಇಂದು ಅಲ್ಲಿ ಲಂಡನ್ನಿನ ಕಂಪನಿಯಿಲ್ಲ. ಯುರೇನಿಯಂ ಕಾರ್ಪೊರೇಷನ್ ೧೯೬೭ರಲ್ಲಿ ಸ್ಥಾಪಿತವಾದ ಭಾರತ ಸರ್ಕಾರದ ಸ್ವಂತ ಸಂಸ್ಥೆ. ರಾಷ್ಟ್ರದ ಕೆಲಸವನ್ನು ರಾಷ್ಟ್ರದ ಸಂಸ್ಥೆಯೇ ಮಾಡುವದು ಯೋಗ್ಯವಾದುದೇ. ಹಳೆಯ ದಲಾಲರ ಸಾಲಿನಲ್ಲಿ ಅದನ್ನು ನಿಲ್ಲಿಸುವದು ಅನ್ಯಾಯವಾದೀತು; ನಾವು ಹಾಗೆ ಮಾಡುವದಿಲ್ಲ. ಆದರೆ ಪತ್ರವ್ಯವಹಾರದ ವಿಷಯದಲ್ಲಿ ಹಳೆಯ ರೂಢಿಯು ಅಳಿದಿದೆಯೇ? ೨೦೦೬ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ವಿಚಾರಣೆಯನ್ನು ನಡೆಯಿಸಬೇಕಾದ ಯೋಜನೆಯ ಪರಿಣಾಮವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಬೇಕು. ಸಾರಾಂಶವನ್ನು ಮಾತ್ರ! ನೀರಿನ ಪರೀಕ್ಷೆಯ ಕೋಷ್ಟಕಗಳು, ಅದಿರಿನ ತ್ಯಾಜ್ಯವನ್ನು ಎಲ್ಲಿಡುವರೆಂಬ ವಿವರ, ತಜ್ಞರು ಎತ್ತಿದ ಆಕ್ಷೇಪಗಳು, ಅವುಗಳಿಗೆ ಕೊಟ್ಟ ಸಮಾಧಾನಗಳು, ಇವಿರುವ ಮೂಲಗ್ರಂಥವು ಇಂಗ್ಲಿಷಿನಲ್ಲಿಯೇ ಉಳಿಯಬಹುದು. ಸಾರಾಂಶವೆಂದರೆ ಹಿಂದಿನ ಕಾಲದ ಸುತ್ತೋಲೆಯ ತಮ್ಮ. ಅದನ್ನು ಬರೆಯುವವನು ಏನನ್ನು ಬಿಟ್ಟನೆಂಬುದನ್ನು ತಿಳಿಯಬೇಕಾದರೆ ಮೂಲವನ್ನು ಓದಬೇಕು. ಕರಡು ಪರಿಸರ ಅಧಿಸೂಚನೆಯೊಂದನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಲ್ಲಿಯೂ ಪ್ರಕಟಿಸಬೇಕೆಂದು ದಿಲ್ಲಿಯ ಉಚ್ಚ ನ್ಯಾಯಾಲಯವು ೨೦೨೦ರ ಜೂನ್ ತಿಂಗಳಲ್ಲಿ ಆಜ್ಞಾಪಿಸಿತು. ದೇಶಕ್ಕೆಲ್ಲ ಅನ್ವಯಿಸುವ ಕರಡನ್ನು ಜನರು ತಮ್ಮ ಭಾಷೆಯಲ್ಲಿ ಓದತಕ್ಕದ್ದಾದರೆ, ತಮ್ಮ ಬಾವಿಯ ನೀರಿನ ವರದಿಯನ್ನು ಓದಬಾರದೇ?

ಇಂದಿನ ಗೋಗಿಯ ತರುಣನು ಅಂಗೈಯಲ್ಲಿಯ ಯಂತ್ರದಿಂದಲೇ ಶೇರುಗಳನ್ನು ಕೊಳ್ಳುತ್ತಾನೆ, ಮಾರುತ್ತಾನೆ. ಅವನ ಅಜ್ಜನಿಗೆ ದಲಾಲನ ಮುಖವೂ ಕಾಣದಿದ್ದುದನ್ನು ನೆನೆದರೆ ಇದೊಂದು ದೊಡ್ಡ ಬದಲಾವಣೆ. ಆದರೆ ಅವನಿಗೆ ಬರುವ ಕರಾರುಚೀಟಿಯೂ ಷರತ್ತುಗಳೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವವು. ಓದದೆ ಒಪ್ಪಿಗೆಯ ಗುಂಡಿಯನ್ನು ಒತ್ತುವದು ಅಭ್ಯಾಸವಾಗಿಬಿಟ್ಟಿದೆ.

ಆದುದರಿಂದ ನಮ್ಮ ಬೇಡಿಕೆಗಳು ಹೆಚ್ಚಿನವಲ್ಲ. ಕರ್ನಾಟಕ ರಾಜ್ಯ ಪತ್ರಾಗಾರವು ಹೈದರಾಬಾದ ಮತ್ತು ಲಂಡನ್ನಿನ ಸಂಗ್ರಹಗಳಲ್ಲಿರುವ, ಕಲಬುರ್ಗಿ, ರಾಯಚೂರು, ಯಾದಗಿರಿ ಸೀಮೆಗಳಿಗೆ ಸಂಬಂಧಿಸಿದ ಗಣಿ ಹಾಗೂ ಕಂಪನಿ ಪತ್ರಗಳ ನಕಲುಗಳನ್ನು ತರಿಸಿ, ಕನ್ನಡದ ಸೂಚಿಯೊಡನೆ ಕಲಬುರ್ಗಿಯಲ್ಲಿ ಇಡಲಿ. ೧೮೮೮ರ ಸಮಿತಿಯ ಸಾಕ್ಷ್ಯವನ್ನು ಅಲ್ಲಿಯ ವಿಶ್ವವಿದ್ಯಾಲಯವು ಕನ್ನಡಕ್ಕೆ ತರಿಸಲಿ. ನಾಲ್ಕು ಜನ ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಹಳೆಯ ಅಡತಿ ಮನೆಗಳವರು ತಮ್ಮ ಖಾತೆ ಕಿರ್ದಿಗಳನ್ನೂ ಹುಂಡಿಯ ಕಟ್ಟುಗಳನ್ನೂ ತೂಕಕ್ಕೆ ಹಾಕದೆ ಅಲ್ಲಿಗೆ ಒಪ್ಪಿಸಲಿ. ಸಾಲದ ಹಳೆಯ ಕಥೆಗಳು ಹೊರಬರುವವೆಂಬ ಅಳುಕಿದ್ದರೆ ಇಂತಿಷ್ಟು ವರ್ಷ ಮೊಹರು ಹಾಕಿಡುವ ಕರಾರನ್ನು ಮಾಡಿಕೊಳ್ಳಬಹುದು. ಗೋಗಿಯ ಗಣಿಯ ಯೋಜನೆಯು ಯಾವಾಗ ಮುಂದುವರಿದರೂ, ಸಾರಾಂಶವನ್ನಲ್ಲ, ಸಂಪೂರ್ಣ ವರದಿಯನ್ನೂ ಅದರ ಹಿಂದುಮುಂದಿನ ಪತ್ರವ್ಯವಹಾರವನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ, ವಿಚಾರಣೆಯ ದಿನಕ್ಕೆ ಎರಡು ತಿಂಗಳು ಮೊದಲೇ ಅಲ್ಲಿಯ ಗ್ರಾಮ ಪಂಚಾಯತಿಯ ಕಟ್ಟಡದಲ್ಲಿ ಯಾರು ಬೇಕಾದರೂ ಕುಳಿತು ಓದುವಂತೆ ಇಡತಕ್ಕದ್ದು. ಭಾಷಾಂತರದ ವೆಚ್ಚವು ಒಂದು ಕೊಳವೆಬಾವಿಯನ್ನು ಕೊರೆಯುವ ವೆಚ್ಚಕ್ಕಿಂತ ಬಹಳ ಹೆಚ್ಚಾಗಲಾರದು.